ಲ್ಯಾಬಿನವರು ಟೀಗೆ ಹೋಗಿದ್ದರು

ಹದಿನಾಲ್ಕು ಜನ ಇದ್ದ ಕಾಲ್‌ನಲ್ಲಿ "ಸಿಕ್ಕಿತು, ಮೆಮೊರಿ ಫ್ರ್ಯಾಗ್ಮೆಂಟೇಶನ್" ಅಂತ ಹೇಳಿದವನು ನಾನೇ, ಅಂದರೆ ಖಾಲಿ ಮೆಮೊರಿ ಚೂರುಚೂರಾಗಿ ಹಂಚಿಹೋಗಿದೆ, ತೊಂದರೆಗೆ ಅದೇ ಕಾರಣ ಅಂತ. ಇಪ್ಪತ್ತು ನಿಮಿಷಕ್ಕೆ ಆ ಮಾತು ಸುಳ್ಳಾಯಿತು. ಆರು ತಿಂಗಳಾದರೂ ಕ್ಯಾಂಟೀನಿನಲ್ಲಿ ಒಬ್ಬ ಪುಣ್ಯಾತ್ಮ ನನ್ನನ್ನು ಕಂಡರೆ ಸಾಕು, "ಏನ್ ಸಾರ್, ಕಾಂಪ್ಯಾಕ್ಟ್ ಮಾಡಿದ್ರಾ?" ಅಂತ ಕೇಳುತ್ತಾನೆ.

ನಾನು 25 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಒಂದರ ಲಿನಕ್ಸ್ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ನೋಡಿಕೊಳ್ಳುವವನು. ಒಬ್ಬ ಕಸ್ಟಮರ್ ಹಳೆಯ 4.19 ಕರ್ನಲ್ (ಲಿನಕ್ಸ್‌ನ ತಿರುಳು) ಬಿಟ್ಟು ಡಿಸ್ಟ್ರೋದವರು, ಅಂದರೆ ಲಿನಕ್ಸ್ ಸಿದ್ಧಮಾಡಿ ಹಂಚುವವರು, ಕೊಟ್ಟ 5.15ಕ್ಕೆ ಹೋದರು, ಹೋದ ದಿನದಿಂದಲೇ ಆರ್‌ಎಕ್ಸ್ ಡ್ರಾಪ್ ಶುರು, ಅಂದರೆ ಬಂದ ಪ್ಯಾಕೆಟ್‌ಗಳು ಬಿದ್ದುಹೋಗುವುದು. ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 9000 ಬೈಟ್ ಇದ್ದರೆ ಮಾತ್ರ. 1500ಕ್ಕೆ ಇಳಿಸಿದರೆ ಎಲ್ಲ ಸರಿ. ನಮ್ಮ ಲ್ಯಾಬಿನಲ್ಲಿ ಅದೇ ಕಾರ್ಡ್, ಅದೇ ಡ್ರೈವರ್, 5.15 ಕರ್ನಲ್ಲೇ, ಆದರೆ ನಾವೇ ಬಿಲ್ಡ್ ಮಾಡಿದ್ದು. ಒಂದೇ ಒಂದು ಡ್ರಾಪ್ ಇಲ್ಲ. ಕಸ್ಟಮರ್ ಕಳಿಸಿದ ಇಮೇಜ್ ಹಾಕಿದ ಮೇಲೆ ನಮ್ಮಲ್ಲೂ ಬಂತು. ಇಲ್ಲೇ ಎರಡು ಕರ್ನಲ್‌ಗಳ ಕಾನ್ಫಿಗ್ ಫೈಲ್ (ಯಾವ ಆಯ್ಕೆ ಆನ್, ಯಾವುದು ಆಫ್ ಅನ್ನುವ ಪಟ್ಟಿ) ತೆಗೆದು ಪಕ್ಕಪಕ್ಕ ಇಟ್ಟು ನೋಡಿದ್ದರೆ ಈ ಪೋಸ್ಟ್ ಬರೆಯುವ ಅಗತ್ಯವೇ ಇರಲಿಲ್ಲ. "ಎರಡೂ 5.15 ತಾನೇ" ಅಂದುಕೊಂಡು ಮುಂದೆ ಹೋದೆ.

ಎಫ್‌ಟ್ರೇಸ್ (ಕರ್ನಲ್ ಒಳಗೆ ಏನು ನಡೆಯುತ್ತಿದೆ ಎಂದು ತೋರಿಸುವ ಟೂಲ್) ಹಾಕಿದಾಗ ರಿಂಗ್ ರೀಫಿಲ್ ಮಾಡುವ, ಅಂದರೆ ಬರುವ ಪ್ಯಾಕೆಟ್‌ಗಳಿಗೆ ಖಾಲಿ ಜಾಗ ಒದಗಿಸುವ, ಫಂಕ್ಷನ್‌ನಲ್ಲೇ ಹೊತ್ತು ಹೋಗುತ್ತಿರುವುದು ಕಂಡಿತು, ಅದರಲ್ಲೂ ಪೇಜ್ (4 ಕೆಬಿ ಮೆಮೊರಿ ತುಂಡು) ಕೇಳಿ ಪಡೆಯುವ ಅಲೊಕೇಶನ್‌ನಲ್ಲಿ. ಐಓಎಂಎಂಯು (ಕಾರ್ಡ್ ಮೆಮೊರಿ ಮುಟ್ಟುವುದನ್ನು ನಿಯಂತ್ರಿಸುವ ಹಾರ್ಡ್‌ವೇರ್) ಮೇಲೆ ಅನುಮಾನ ಬಂದು ಪಾಸ್‌ಥ್ರೂ ಮಾಡಿ, ಅಂದರೆ ಅದು ಅಡ್ಡ ಬರದಂತೆ ಮಾಡಿ, ನೋಡಿದೆವು, ಅದಲ್ಲ. ಸರಿ, ಅಲೊಕೇಶನ್ ಯಾಕೆ ನಿಧಾನ? 9000 ಬೈಟ್ ಫ್ರೇಮ್‌ಗೆ ನಮ್ಮ ಡ್ರೈವರ್ ಆರ್ಡರ್-2 ಕೇಳುತ್ತದೆ, ಅಂದರೆ ಒಟ್ಟಿಗೆ ಹೊಂದಿಕೊಂಡಿರುವ ನಾಲ್ಕು ಪೇಜ್, 16 ಕೆಬಿ. ಬಡ್ಡಿಇನ್ಫೊ (ಯಾವ ಗಾತ್ರದ ತುಂಡು ಎಷ್ಟು ಖಾಲಿ ಇವೆ ಅನ್ನುವ ಪಟ್ಟಿ) ತೆಗೆದು ನೋಡಿದೆ. ಆರ್ಡರ್-0 (ಒಂಟಿ ಪೇಜ್) ಸಾವಿರಗಟ್ಟಲೆ, ಆರ್ಡರ್-2ರ ಕಾಲಂನಲ್ಲಿ ಎರಡಂಕಿ. ನನಗೆ ಅಷ್ಟು ಸಾಕಾಗಿತ್ತು. ಹದಿನೈದು ವರ್ಷದ ಅನುಭವ ಇದೆ ನೋಡಿ, ಕಂಡ ತಕ್ಷಣ ಗೊತ್ತಾಗಿಬಿಡುತ್ತೆ!

ಸಂಜೆ ನಾಲ್ಕೂವರೆಗೆ ಕಾಲ್. ಕಸ್ಟಮರ್ ಕಡೆಯವರು, ನಮ್ಮ ಮ್ಯಾನೇಜರ್, ಅವರ ಮ್ಯಾನೇಜರ್, ಯಾಕೆ ಬಂದಿದ್ದರೋ ಗೊತ್ತಿಲ್ಲದ ಇನ್ನೊಂದಿಬ್ಬರು. ಸ್ಕ್ರೀನ್ ಶೇರ್ ಮಾಡಿ, ಒಂದು ಟರ್ಮಿನಲ್‌ನಲ್ಲಿ ಡ್ರಾಪ್ ಕೌಂಟರ್ ಓಡಲು ಬಿಟ್ಟೆ. ಸೆಕೆಂಡಿಗೊಮ್ಮೆ ಏರುತ್ತಾ ಇತ್ತು. ಇನ್ನೊಂದರಲ್ಲಿ ಕಾಂಪ್ಯಾಕ್ಟ್_ಮೆಮೊರಿಗೆ 1 ಬರೆದು ಎಂಟರ್ ಒತ್ತಿದೆ, ಮೆಮೊರಿಯ ಚೂರುಗಳನ್ನು ಒಟ್ಟುಗೂಡಿಸು ಅಂತ ಕರ್ನಲ್‌ಗೆ ಹೇಳುವುದು ಹಾಗೆ. ಒಂದು ಸೆಕೆಂಡ್, ಎರಡು, ಮೂರು... ಕೌಂಟರ್ ನಿಂತಿತು. ಅಲ್ಲಾಡಲೇ ಇಲ್ಲ. ಯಾರೋ "ವಾವ್" ಅಂದರು. ಮ್ಯಾನೇಜರ್ ಚಾಟ್‌ನಲ್ಲಿ ಚಪ್ಪಾಳೆ ಹಾಕಿದರು. ನಾನು ಗತ್ತಿನಿಂದ ಬಡ್ಡಿ ಅಲೊಕೇಟರ್ (ಪೇಜ್ ಹಂಚುವ ಕರ್ನಲ್ ಭಾಗ) ಬಗ್ಗೆ ಪಾಠ ಮಾಡಲು ಶುರು ಮಾಡಿದೆ, ಅದನ್ನು ಯಾರೂ ಕೇಳಿರಲಿಲ್ಲ.

ಐದು ಗಂಟೆ ಹತ್ತಿರ ಬಂದಾಗ ಕೌಂಟರ್ ಮತ್ತೆ ಓಡತೊಡಗಿತು. ಮತ್ತೆ ಕಾಂಪ್ಯಾಕ್ಟ್ ಮಾಡಿದೆ. ನಿಲ್ಲಲಿಲ್ಲ. ಇನ್ನೊಮ್ಮೆ. ಇಲ್ಲ. ಹದಿನಾಲ್ಕು ಜನ ಮ್ಯೂಟ್‌ನಲ್ಲಿ. ನನ್ನ ಕೀಬೋರ್ಡ್ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಲ್ಯಾಬಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗ, "ಈಗ ಟ್ರಾಫಿಕ್ ವಾಪಸ್ ಆನ್ ಮಾಡಿದೆ ಸಾರ್, ಟೀಗೆ ಹೋಗ್ವಾಗ ಒಂದು ಜನರೇಟರ್ ನಿಲ್ಲಿಸಿದ್ದೆ" ಅಂದ. ಜನರೇಟರ್ ಅಂದರೆ ಕಾರ್ಡಿಗೆ ಪ್ಯಾಕೆಟ್ ಸುರಿಯುವ ಯಂತ್ರ; ಕೌಂಟರ್ ನಿಂತದ್ದು ಲೋಡ್ ಕಮ್ಮಿಯಾಗಿದ್ದಕ್ಕೆ, ನನ್ನ ಕಾಂಪ್ಯಾಕ್ಷನ್‌ನಿಂದಲ್ಲ. ಪಾಪ, ಅವನದೇನೂ ತಪ್ಪಿಲ್ಲ. ಕಾಲ್ ಇದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಆದರೆ ನನಗೆ ಜಾಸ್ತಿ ನಾಚಿಕೆಯಾಗಿದ್ದು ಅದಕ್ಕಲ್ಲ. ರೀಫಿಲ್ ನಡೆಯುವುದು ನ್ಯಾಪಿಯಲ್ಲಿ (ಬಂದ ಪ್ಯಾಕೆಟ್‌ಗಳನ್ನು ಕರ್ನಲ್ ಎತ್ತಿಕೊಳ್ಳುವ ಹಂತ), ಅಲ್ಲಿ ಅಲೊಕೇಶನ್ ಅಟಾಮಿಕ್. ಅದು ಕಾಂಪ್ಯಾಕ್ಷನ್‌ಗೋಸ್ಕರ ಕಾಯುತ್ತಾ ಕೂರುವುದಿಲ್ಲ. ಜಾಗ ಇಲ್ಲ ಅಂದರೆ ಫೇಲ್ ಆಗುತ್ತದೆ. ನಮ್ಮ ಅಲೊಕೇಶನ್ ಫೇಲ್ಯೂರ್ ಕೌಂಟರ್ ಅಷ್ಟೂ ಹೊತ್ತು ಸೊನ್ನೆ ತೋರಿಸುತ್ತಿತ್ತು, ಅದೇ ಸ್ಕ್ರೀನಿನಲ್ಲಿ, ಡ್ರಾಪ್ ಕೌಂಟರ್‌ಗಿಂತ ಎರಡು ಸಾಲು ಕೆಳಗೆ. ಫ್ರ್ಯಾಗ್ಮೆಂಟೇಶನ್ನೇ ಕಾರಣವಾಗಿದ್ದರೆ ಅದು ಏರಬೇಕಿತ್ತು.

ಮರುದಿನ ಬೆಳಗ್ಗೆ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ನನ್ನ ಪಕ್ಕ ಕೂತು ಪರ್ಫ್ ಟಾಪ್ (ಸಿಪಿಯು ಹೊತ್ತು ಯಾವ ಫಂಕ್ಷನ್‌ನಲ್ಲಿ ಹೋಗುತ್ತಿದೆ ಎಂದು ತೋರಿಸುವ ಟೂಲ್) ನೋಡುತ್ತಿದ್ದಳು. ಮೊದಲ ಸಾಲಿನಲ್ಲಿ ಕ್ಲಿಯರ್_ಪೇಜ್_ಇಆರ್‌ಎಂಎಸ್, ಪೇಜಿಗೆ ಸೊನ್ನೆ ತುಂಬುವ ಫಂಕ್ಷನ್. "ಸರ್, ಇದನ್ನ ಯಾರು ಕರೀತಿದ್ದಾರೆ?" ಅಂದಳು. ಮೊದಲ ದಿನದಿಂದ ಆ ಸಾಲು ನನ್ನ ಕಣ್ಣೆದುರೇ ಇತ್ತು. ಯಾವುದೋ ಯೂಸರ್ ಪ್ರೋಗ್ರಾಮಿನ ಪೇಜ್ ಫಾಲ್ಟ್ (ಅದು ಮೊದಲ ಸಲ ಮುಟ್ಟಿದ ಮೆಮೊರಿಗೆ ಕರ್ನಲ್ ಪೇಜ್ ಕೊಡುವುದು) ಇರಬೇಕು ಅಂತ ಬಿಟ್ಟಿದ್ದೆ, ಹೆಚ್ಚಾಗಿ ಅಲ್ಲಿಂದಲೇ ಬರುವುದು. ಕಾಲ್ ಗ್ರಾಫ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಸರಪಳಿ) ಆನ್ ಮಾಡಿ ರೆಕಾರ್ಡ್ ಮಾಡಿದೆವು. ಕ್ಲಿಯರ್ ಪೇಜ್, ಅದನ್ನು ಕರೆದದ್ದು ಪೇಜ್ ಅಲೊಕೇಟರ್, ಅದನ್ನು ಕರೆದದ್ದು ನಮ್ಮದೇ ರೀಫಿಲ್. ನಮ್ಮದೇ!

ಇನಿಟ್_ಆನ್_ಅಲಾಕ್. ಕರ್ನಲ್ 5.3ರಲ್ಲಿ ಬಂದ ಆಯ್ಕೆ. ಪೇಜ್ ಕೊಡುವ ಮುಂಚೆ ಪ್ರತಿ ಸಲ ಅದಕ್ಕೆ ಸೊನ್ನೆ ತುಂಬುತ್ತದೆ, ಹಳೆಯ ಡೇಟಾ ಸೋರಬಾರದು ಅಂತ. ಒಳ್ಳೆಯ ಉದ್ದೇಶವೇ. ಆ ಡಿಸ್ಟ್ರೋ ಕರ್ನಲ್‌ನಲ್ಲಿ ಅದು ಆನ್, ನಮ್ಮ ಬಿಲ್ಡ್‌ನಲ್ಲಿ ಆಫ್. 1500ರಲ್ಲಿ ನಮ್ಮ ಡ್ರೈವರ್ ಪೇಜನ್ನು ಅರ್ಧರ್ಧ ಮಾಡಿ ಅದನ್ನೇ ತಿರುಗಿಸಿ ಬಳಸುತ್ತದೆ, ಹಾಗಾಗಿ ಹೊಸ ಪೇಜ್ ಕೇಳುವುದೇ ಅಪರೂಪ. 9000ದಲ್ಲಿ ಪ್ರತಿ ಪ್ಯಾಕೆಟ್‌ಗೂ ಹೊಸದು. ಫುಲ್ ಲೋಡ್ ಅಂದರೆ ಸೆಕೆಂಡಿಗೆ ಸುಮಾರು ಮೂರೂವರೆ ಲಕ್ಷ ಪ್ಯಾಕೆಟ್, ಒಂದೊಂದಕ್ಕೂ 16 ಕೆಬಿ, ಅಂದರೆ ಸೆಕೆಂಡಿಗೆ ಐದೂವರೆ ಜಿಬಿಗೂ ಜಾಸ್ತಿ ಸೊನ್ನೆ. ಅದರ ಬೆನ್ನಿಗೇ ಕಾರ್ಡ್ ಡಿಎಂಎ ಮಾಡಿ, ಅಂದರೆ ಸಿಪಿಯು ನಡುವೆ ಬರದೆ ನೇರವಾಗಿ, ಆ ಸೊನ್ನೆಗಳ ಮೇಲೇ ಪ್ಯಾಕೆಟ್ ಬರೆಯುತ್ತದೆ. ಮಳೆ ಬರುವ ಹೊತ್ತಿಗೆ ಸರಿಯಾಗಿ ಅಂಗಳ ತೊಳೆದ ಹಾಗೆ.

ಬೂಟ್ ಲೈನಿನಲ್ಲಿ ಅದನ್ನು 0 ಮಾಡಿ ನೋಡಿದೆವು. ಡ್ರಾಪ್ ಮಾಯ. ಈ ಸಲ ಲ್ಯಾಬಿಗೆ ಮೂರು ಸಲ ಫೋನ್ ಮಾಡಿ, ಎಲ್ಲ ಜನರೇಟರ್ ಓಡುತ್ತಿವೆ ಅಂತ ಖಾತ್ರಿ ಮಾಡಿಕೊಂಡೇ ಮೇಲ್ ಹಾಕಿದೆ. ಕಸ್ಟಮರ್‌ನ ಸೆಕ್ಯೂರಿಟಿಯವರು ಮಾತ್ರ ಅದನ್ನು ಆಫ್ ಮಾಡಲು ಬಿಲ್ಕುಲ್ ಒಪ್ಪಲಿಲ್ಲ. ಅವರು ಹೇಳಿದ್ದು ಸರಿಯೇ ಇತ್ತು. ಹಾಗಾಗಿ ಡ್ರೈವರನ್ನು ಪೇಜ್ ಪೂಲ್‌ಗೆ ಬದಲಾಯಿಸಿದೆವು. ಬಳಸಿದ ಪೇಜ್ ಅಲೊಕೇಟರ್‌ವರೆಗೆ ಹೋಗದೆ ಪೂಲ್‌ಗೇ ವಾಪಸ್ ಬರುತ್ತದೆ, ಸೊನ್ನೆ ತುಂಬುವ ಕೆಲಸ ಮೊದಲ ಸಲಕ್ಕೇ ಮುಗಿಯುತ್ತದೆ. ಮೂರು ವಾರ ಹಿಡಿಯಿತು.

ಈ ಪೇಜ್ ಪೂಲ್ ಕೆಲಸಕ್ಕೆ ನಾನು ಎರಡು ವರ್ಷದ ಹಿಂದೆಯೇ ಟಿಕೆಟ್ ಹಾಕಿದ್ದೆ. "ನೈಸ್ ಟು ಹ್ಯಾವ್" ಅಂತ ಗುರುತು ಹಾಕಿ ಪ್ರತಿ ಪ್ಲಾನಿಂಗ್‌ನಲ್ಲೂ ಮುಂದಿನ ಕ್ವಾರ್ಟರ್‌ಗೆ ತಳ್ಳುತ್ತಾ ಬಂದಿದ್ದರು. ಎಸ್ಕಲೇಶನ್ ಆದ ಮೇಲೆ ಅದೇ ಕೆಲಸಕ್ಕೆ ಹೊಸ ಟಿಕೆಟ್, ಹೊಸ ನಂಬರ್, ದಿನಕ್ಕೆರಡು ಸ್ಟೇಟಸ್ ಮೀಟಿಂಗ್. ಮೊನ್ನೆ ಹಳೆಯದನ್ನು ತೆಗೆದು ನೋಡಿದರೆ, ಯಾರೋ ಅದನ್ನು "ಡುಪ್ಲಿಕೇಟ್" ಅಂತ ಮುಚ್ಚಿದ್ದಾರೆ.