ಡಿಸಿ-3ರ ನೆರಳಿನಲ್ಲಿ ಒಂದು ಪುಟ್ಟ ವಿಮಾನ

1951ರ ಡಿಸೆಂಬರ್ 25ರಂದು ಬಜ್ಪೆಯ ವಿಮಾನ ನಿಲ್ದಾಣದ ಉದ್ಘಾಟನೆಗೆ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಬಂದಿಳಿದದ್ದು ಡಗ್ಲಸ್ ಡಿಸಿ-3 ಎಂಬ ಎರಡು ಎಂಜಿನ್‌ಗಳ ಪ್ರಯಾಣಿಕ ವಿಮಾನದಲ್ಲಿ. ಒಬ್ಬನೇ ಕುಳಿತು ಹಾರಿಸಬಹುದಾದ ಹಗುರ ವಿಮಾನವೊಂದನ್ನು ಸ್ವತಃ ವಿನ್ಯಾಸಗೊಳಿಸಬೇಕೆಂದು ಹೊರಟಾಗ, ಮಂಗಳೂರಿನವನಾದ ನನಗೆ ಬೇರೆ ಮಾದರಿ ಹೊಳೆಯಲೇ ಇಲ್ಲ.

ಮೂಲ ವಿಮಾನದ ರೆಕ್ಕೆಯ ಹರವು ಸುಮಾರು 29 ಮೀಟರ್, ತುಂಬಿದ ತೂಕ 11,400 ಕಿಲೋದಷ್ಟು. ಅಳತೆಗಳನ್ನೆಲ್ಲ ಮೂರನೇ ಒಂದಕ್ಕೆ ಇಳಿಸಿದರೆ ರೆಕ್ಕೆಯ ವಿಸ್ತೀರ್ಣ ಒಂಬತ್ತನೇ ಒಂದಾಗುತ್ತದೆ. ತೂಕವಾದರೋ ಇಪ್ಪತ್ತೇಳನೇ ಒಂದಾಗಿ 420 ಕಿಲೋದ ಆಸುಪಾಸಿಗೆ ಬರಬೇಕು. ಹಾಗಾದಾಗ ರೆಕ್ಕೆಯ ಪ್ರತಿ ಚದರ ಮೀಟರ್ ಹೊರುವ ಭಾರ 124 ಕಿಲೋದಿಂದ 41ಕ್ಕೆ ಇಳಿಯುತ್ತದೆ, ವಿಮಾನ ಮೆಲ್ಲನೆ ಇಳಿಯಬಲ್ಲದು. ಇಲ್ಲಿಯವರೆಗೆ ಲೆಕ್ಕ ನಮ್ಮ ಪರವಾಗಿಯೇ ಇದೆ.

ತೊಡಕು ಇರುವುದು ರೆಕ್ಕೆಯ ತುದಿಯಲ್ಲಿ. ಡಿಸಿ-3ರ ರೆಕ್ಕೆ ಬುಡದಲ್ಲಿ ತನ್ನ ಅಗಲದ (ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಳತೆಯ) ಶೇ. 15ರಷ್ಟು ದಪ್ಪವಿದ್ದು, ತುದಿಗೆ ಬರುವಾಗ ಶೇ. 6ಕ್ಕೆ ತೆಳುವಾಗುತ್ತದೆ. ಚಾವಡಿಯ ನೆಲದ ಮೇಲೆ ಅದನ್ನು ನನ್ನ ಪುಟ್ಟ ವಿಮಾನದ ನಿಜ ಗಾತ್ರದಲ್ಲಿ ಬರೆದು ನೋಡಿದೆ: ಅರ್ಧ ಮೀಟರ್ ಅಗಲದ ತುದಿಗೆ ದಪ್ಪ ಬರೀ 3 ಸೆಂಟಿಮೀಟರ್! ಅಷ್ಟರೊಳಗೆ ಮರದ ತೊಲೆಯನ್ನು ಕೂರಿಸುವುದೇ ಕಷ್ಟ. ಅದಕ್ಕಿಂತ ಮುಖ್ಯವಾದದ್ದು ಗಾಳಿಯ ನಡತೆ. ಗಾತ್ರವೂ ವೇಗವೂ ಕಡಿಮೆಯಾದಂತೆ ರೆನಾಲ್ಡ್ಸ್ ಸಂಖ್ಯೆ (ಗಾಳಿಯ ಹರಿವಿನಲ್ಲಿ ಅದರ ವೇಗದ ಜಡತ್ವಕ್ಕೂ ಅಂಟುತನಕ್ಕೂ ಇರುವ ಅನುಪಾತ) ಮೂಲದ ಐದನೇ ಒಂದರಷ್ಟಕ್ಕೆ ಕುಸಿಯುವುದರಿಂದ, ಆ ತೆಳು ತುದಿಯ ಮೇಲಿನ ಗಾಳಿ ಬೇಗನೆ ಮೈಬಿಟ್ಟು ಸರಿದು, ಇಳಿಯುವ ಹೊತ್ತಿನಲ್ಲಿಯೇ ಒಂದು ರೆಕ್ಕೆ ದಿಢೀರನೆ ಬೀಳುವ ಅಪಾಯವಿದೆ. ಆದ್ದರಿಂದ ತುದಿಯ ದಪ್ಪವನ್ನು ಶೇ. 12ಕ್ಕೆ ಏರಿಸಿ, ಅದರ ಮುಂದಿನ ಅಂಚನ್ನು ಮೂರು ಡಿಗ್ರಿಯಷ್ಟು ಕೆಳಗೆ ತಿರುಚಿದ್ದೇನೆ. ಮೇಲಿನಿಂದ ನೋಡುವವರಿಗೆ ಹಿಂದಕ್ಕೆ ಬಾಗಿದ ಆ ಚೆಂದದ ರೂಪರೇಖೆ ಹಾಗೆಯೇ ಉಳಿಯುತ್ತದೆ, ನನಗೆ ಬೇಕಾದದ್ದೂ ಅದೇ.

ಎಂಜಿನ್‌ಗಳು ಎರಡೇ ಇರಬೇಕು, ಇಲ್ಲವಾದರೆ ಅದು ಡಿಸಿ-3 ಎನಿಸದು. ಒಂದು ನಿಂತಾಗ ಇನ್ನೊಂದು ವಿಮಾನವನ್ನು ಪಕ್ಕಕ್ಕೆ ತಿರುಗಿಸುತ್ತದೆ. ಅದನ್ನು ತಡೆಯುವ ಬಾಲದ ಚುಕ್ಕಾಣಿಯ ಬಲವಾದರೋ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹಾಗಾಗಿ ಚುಕ್ಕಾಣಿಯನ್ನು ಕಾಲುಭಾಗ ಹಿಗ್ಗಿಸಿದ್ದೇನೆ.

ಕಡಲ ಉಪ್ಪುಗಾಳಿಗೆ ಅಲ್ಯೂಮಿನಿಯಂ ಸವೆಯುವುದನ್ನು ಕಂಡವನಾದ್ದರಿಂದ ಮರ ಮತ್ತು ಪ್ಲೈವುಡ್ಡನ್ನೇ ಆರಿಸಿಕೊಂಡೆ. ಮಲ್ಪೆಯಲ್ಲಿ ದೋಣಿ ಕಟ್ಟುವ ಹಿರಿಯ ಆಚಾರ್ರು ನನ್ನ ತೊಲೆಯ ತುಂಡನ್ನು ಕೈಯಲ್ಲಿ ತಿರುಗಿಸಿ, ಎಳೆ ಓರೆಯಾಗಿದ್ದ ಕಡೆ ಉಗುರಿನಿಂದ ಗೀರಿ ತೋರಿಸಿದರು. "ಇದು ಇಲ್ಲಿಂದಲೇ ಸೀಳುತ್ತದೆ ಮಾರಾಯ್ರೇ, ಬೇರೆ ಮರ ನೋಡಿ" ಎಂದರು. ಮನೆಗೆ ಬಂದು ಅದೇ ತುಂಡಿಗೆ ಮರಳಿನ ಚೀಲಗಳನ್ನು ಒಂದೊಂದಾಗಿ ತೂಗುಹಾಕಿದಾಗ, ಅದು ಅವರ ಉಗುರಿನ ಗೆರೆಯಲ್ಲಿಯೇ ಸೀಳಿತು. ಹೊಸ ಮರ ಈಗ ಅಟ್ಟದ ಮೇಲೆ ಒಣಗುತ್ತಿದೆ.