ಬಂಗಾರದ ಸೀಮೆಯಿಂದ ಗುಳೆ ಬಸ್ಸು

ರಾಯಚೂರು ಜಿಲ್ಲೆಯ ಮಸ್ಕಿಗೆ ಹೋಗಿದ್ದು ಅಶೋಕನ ಶಾಸನ ನೋಡೋಕೆ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ರೈಸ್ ಮಿಲ್ಲುಗಳು. ಅಲ್ಲಿಂದ ಮುಂದೆ ಬಂದ ಹಾಗೆ ಹಸಿರು ತೆಳುವಾಯಿತು. ಹತ್ತಿ, ತೊಗರಿ, ಆಮೇಲೆ ಬರೀ ಒಣ ಹೊಲ.

1915ರಲ್ಲಿ ಈ ಶಾಸನವನ್ನು ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅಶೋಕ ಅನ್ನುವ ಹೆಸರೇ ಕೊರೆದಿರುವ ಶಾಸನ ಮೊದಲು ಸಿಕ್ಕಿದ್ದು ಇಲ್ಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಸಾರ: ಈ ಉನ್ನತ ಗುರಿ ದೊಡ್ಡವರಿಗೆ ಮಾತ್ರ ದಕ್ಕುತ್ತೆ ಅಂದುಕೊಳ್ಳಬೇಡಿ, ಧರ್ಮದಲ್ಲಿ ನಡೆದರೆ ಸಣ್ಣವರಿಗೂ ದಕ್ಕುತ್ತೆ.

ಹಟ್ಟಿ ಚಿನ್ನದ ಗಣಿಯನ್ನು ರಸ್ತೆಯಿಂದಲೇ ನೋಡಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಚಿನ್ನಕ್ಕೆ ದೇಶದಲ್ಲಿ ದೊಡ್ಡ ಹೆಸರು ಇದೇ. ಊಟ ಮಾತ್ರ ಮರೆಯೋ ಹಾಗಿಲ್ಲ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಇದನ್ನು ಬಿಟ್ಟು ಈ ಕಡೆ ಬಂದು ಗೋಬಿ ಮಂಚೂರಿ ತಿನ್ನೋದು ಅನ್ಯಾಯ.

ರಾತ್ರಿ ಲಿಂಗಸುಗೂರಿಂದ ಬೆಂಗಳೂರಿಗೆ ಖಾಸಗಿ ಸ್ಲೀಪರ್ ಬುಕ್ ಮಾಡಿದ್ದೆ. ಬಸ್ಸು ಬರಲೇ ಇಲ್ಲ. ಫೋನ್ ಎತ್ತಲಿಲ್ಲ, ದುಡ್ಡೂ ಇನ್ನೂ ವಾಪಸ್ ಬಂದಿಲ್ಲ. ನೀವು ಹೋದರೆ ಸರ್ಕಾರಿ ಬಸ್ಸಿಗೇ ಮುಂಗಡ ಟಿಕೆಟ್ ಮಾಡಿಸಿ.

ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲೇ ಒಂದು ಸಂಸಾರ ಕೂತಿತ್ತು. ಗೊಬ್ಬರದ ಚೀಲದಲ್ಲಿ ಪಾತ್ರೆ, ಸಣ್ಣ ಸ್ಟೋವ್. ಹಳೇ ಸೀರೆಯಲ್ಲಿ ಬಿಗಿಯಾಗಿ ಕಟ್ಟಿದ ರೊಟ್ಟಿ ಗಂಟು.

"ಎಲ್ಲಿಗೆ ಹೊರಟಿದ್ದೀರಿ?" ಎಂದು ಆ ಹೆಂಗಸನ್ನು ಕೇಳಿದೆ.

"ಬೆಂಗಳೂರಿಗ್ರೀ ಅಕ್ಕಾ. ಬಿಲ್ಡಿಂಗ್ ಕೆಲಸಕ್ಕ. ಯುಗಾದಿಗಿ ಬರ್ತೀವಿ."

"ಹಟ್ಟಿ ಇಷ್ಟು ಹತ್ತಿರ ಇದೆಯಲ್ಲ?"

"ಅದಕ್ಕ ಓದಿರಬೇಕ್ರೀ. ನಾ ಸಾಲಿ ಕಟ್ಟಿ ಹತ್ತಿಲ್ಲ. ನಮ್ಮೂರ ತನಕ ಕಾಲುವಿ ಬಂದಿಲ್ಲ. ಉದ್ಯೋಗ ಖಾತ್ರಿ ಕೆಲಸದ ರೊಕ್ಕ ಯಾವಾಗ ಬರ್ತದೋ ಗೊತ್ತಿಲ್ಲ."

2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತನಗೆ ಬಸ್ಸಿಗೆ ಖರ್ಚಿಲ್ಲ, ಗಂಡನಿಗಷ್ಟೇ ಟಿಕೆಟ್ ಅಂದರು. ಒಳ್ಳೆಯದೇ. ಆದರೆ ಊರು ಬಿಡೋಕೆ ಆದ ಅನುಕೂಲ ಊರಲ್ಲಿ ಉಳಿಯೋಕೆ ಯಾಕೆ ಆಗಿಲ್ಲ? 2013ರಿಂದ ಕಲ್ಯಾಣ ಕರ್ನಾಟಕದ ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿ ಇದೆ, ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಇದೆ. ಓದಿ ಪಾಸಾದವರಿಗೆ ಅದರಿಂದ ನಿಜವಾಗಿಯೂ ಉಪಯೋಗ ಆಗಿದೆ. ವರ್ಷಕ್ಕೆ ಅರ್ಧ ಶಾಲೆ ತಪ್ಪಿಸಿಕೊಳ್ಳುವ ಮಗು ಅಲ್ಲಿವರೆಗೆ ತಲುಪೋದು ಹೇಗೆ? ರಾಜ್ಯದ ಜಿಡಿಪಿ ಏರಿತು ಅಂತ ನಾವು ಓದುವ ಲೆಕ್ಕದಲ್ಲಿ ಈಕೆ ಹೊತ್ತ ಇಟ್ಟಿಗೆಯೂ ಸೇರಿರುತ್ತೆ, ಅಲ್ವಾ? ಈಕೆಯ ಪಾಲು ದಿನಗೂಲಿಗೇ ಮುಗಿಯುವುದನ್ನು ನನ್ನಿಂದ ಒಪ್ಪೋಕೆ ಆಗಲ್ಲ.

ಮಗಳನ್ನು ಅಜ್ಜಿ ಹತ್ತಿರ ಬಿಟ್ಟಿದ್ದರಂತೆ. ಮಗ ಮೂರನೇ ಕ್ಲಾಸು, ಜೊತೆಗೇ ಬರುತ್ತಿದ್ದ.

"ಬೆಂಗಳೂರ ವರ್ತೂರಾಗ ಸರ್ಕಾರಿ ಸಾಲಿ ಎಲ್ಲಾರ ಅದ ಏನ್ರೀ?" ಎಂದು ಕೇಳಿದರು.

ಇದೆ ಎಂದೆ. ಟಿಸಿ ಇಲ್ಲ, ವರ್ಷದ ನಡುವೆ ಬಂದಿರಿ ಅಂತ ವಾಪಸ್ ಕಳಿಸೋ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ ಎಂದು ಹೇಳಿ, ಒಂದು ಚೀಟಿಯಲ್ಲಿ ಬರೆದೂ ಕೊಟ್ಟೆ.

ಅದನ್ನು ಮಡಚಿ ರೊಟ್ಟಿ ಗಂಟಿಗೆ ಸಿಕ್ಕಿಸಿ ಹೇಳಿದರು: "ಮೇಸ್ತ್ರಿ ಒಂದಿನ ರಜಾ ಕೊಟ್ರ ಹೋಗಿ ಕೇಳ್ತೀನ್ರೀ ಅಕ್ಕಾ."