ಅವನು ಬರೆದು ಮುಗಿಸುವವರೆಗೆ

ನನ್ನ ಗೆಳೆಯ ಶಿವಮೊಗ್ಗ-ಹರಿಹರ ರೂಟಿನ ಖಾಸಗಿ ಬಸ್ಸಿನಲ್ಲಿ 22 ವರ್ಷ ಕಂಡಕ್ಟರ್ ಆಗಿದ್ದ. ಹೆಸರು ಹಾಕಬೇಡ ಅಂದಿದ್ದಾನೆ, ಹಾಗಾಗಿ ಹಾಕುವುದಿಲ್ಲ. "ಯಾರ್ರೀ ಹೊಳಲೂರು, ಹೊನ್ನಾಳಿ, ಮಲೇಬೆನ್ನೂರು, ಹರಿಹರಾ..." ಅಂತ ಅವನು ಕೂಗಿದರೆ ರಸ್ತೆಯಾಚೆ ಟೀ ಕುಡಿಯುತ್ತಿದ್ದವರೂ ಲೋಟ ಇಟ್ಟು ಓಡಿ ಬರುತ್ತಿದ್ದರು.

ಆ ಗಂಟಲು ಕಟ್ಟಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೂಗಿ ಕೂಗಿ ಹೀಗಾಗಿದೆ ಅಂತ ಅವನೇ ಹೇಳಿದ. ಡಾಕ್ಟರೊಬ್ಬರು ಕೆಮ್ಮಿನ ಸಿರಪ್ ಬರೆದುಕೊಟ್ಟರು. ಮೂರು ತಿಂಗಳು ಅದನ್ನೇ ಕುಡಿದ. ಬೀಡಿ ಮಾತ್ರ ಬಿಡಲಿಲ್ಲ. ಒಡೆದ ದನಿ ಮೂರು ವಾರವಾದರೂ ಸರಿಹೋಗದಿದ್ದರೆ ಗಂಟಲಿನ ಡಾಕ್ಟರಿಗೆ ತೋರಿಸಲೇಬೇಕು ಅಂತ ನಮಗೆ ಗೊತ್ತಿರಲಿಲ್ಲ. ಈಗ ನಾನು ಸಿಕ್ಕವರಿಗೆಲ್ಲ ಇದನ್ನು ಹೇಳುತ್ತೇನೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. ಬಿಪಿಎಲ್ ಕಾರ್ಡ್ ಇತ್ತು. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಹಾಗಾಗಿ ಮನೆ ಮಾರುವ ಮಾತು ಬರಲಿಲ್ಲ. ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ಹೇಳಿದರು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು. ಶ್ವಾಸನಾಳವನ್ನು ಕತ್ತಿನ ಮುಂದಕ್ಕೆ ತಂದು, ಅಲ್ಲೇ ತೂತು ಮಾಡಿ ಹೊಲಿಯುತ್ತಾರೆ. ಇನ್ನು ಮುಂದೆ ಉಸಿರು ಅಲ್ಲಿಂದಲೇ, ಜೀವ ಇರುವವರೆಗೂ.

ಅವನು ಕೇಳಿದ್ದು ಒಂದೇ ಪ್ರಶ್ನೆ. "ಸೀಟಿ ಊದಬಹುದಾ ಸಾರ್?"

ಆಗಲ್ಲ ಅಂದರು. ಉಸಿರು ಬಾಯಿಗೆ ಬರುವುದೇ ಇಲ್ಲವಲ್ಲ.

ಆಪರೇಷನ್ನಿನ ಹಿಂದಿನ ರಾತ್ರಿ ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಏನೂ ಆಗಲ್ಲ ಮಾರಾಯ, ಎಷ್ಟು ಜನಕ್ಕೆ ಮಾಡಿದ್ದಾರೆ, ನೀನು ಗಟ್ಟಿ ಮನುಷ್ಯ, ಅಂತ ಒಂದೇ ಸಮನೆ ಮಾತಾಡಿದೆ. ಅವನು ಹೂಂ ಹೂಂ ಅನ್ನುತ್ತಾ ಕೇಳಿಸಿಕೊಂಡ. ಅವನ ಸ್ವಂತ ದನಿಗೆ ಉಳಿದಿದ್ದ ಕಡೆಯ ರಾತ್ರಿ ಅದು. ಅದನ್ನು ನಾನು ನನ್ನ ಮಾತಿನಲ್ಲೇ ತುಂಬಿಬಿಟ್ಟೆ. ಅವನಿಗೆ ಏನು ಹೇಳಬೇಕಿತ್ತೋ, ನಾನು ಕೇಳಲೇ ಇಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಆಪರೇಷನ್ ಆಗಿ ಮೂರನೇ ದಿನ. ಮೂಗಿನಲ್ಲಿ ಆಹಾರದ ನಳಿಕೆ, ಕತ್ತಿನಲ್ಲಿ ತೂತು, ಪಕ್ಕದಲ್ಲಿ ಕಫ ಎಳೆಯುವ ಮೆಷಿನ್. ಮಗಳು ಒಂದು ಸ್ಲೇಟು ತಂದುಕೊಟ್ಟಿದ್ದಳು. ಅವನು ಬಳಪ ಹಿಡಿದು ನಿಧಾನಕ್ಕೆ "ನೀ" ಅಂತ ಬರೆದ. ನಾನು ತಕ್ಷಣ, "ನೀರಾ? ಈಗಲೇ ಬಾಯಿಗೆ ಕೊಡಬಾರದಂತೆ ಕಣೋ, ತಡ್ಕೋ" ಅಂದೆ. ತಲೆ ಅಲ್ಲಾಡಿಸಿದ. ಅಂಗೈಯಿಂದ ಒರೆಸಿ ಮತ್ತೆ "ನೀ" ಬರೆದ. "ನೀರು ನಳಿಕೆಯಲ್ಲಿ ಹೋಗುತ್ತೆ, ನರ್ಸ್ ಕರೀಲಾ?" ಅಂದೆ. ಕಣ್ಣು ಮುಚ್ಚಿಕೊಂಡ. ಆಮೇಲೆ ಕೈ ನಡುಗುತ್ತಾ ಮೂರನೇ ಸಲ ಬರೆದ. ಈ ಸಲ ನಾನು ಸುಮ್ನೆ ನಿಂತೆ.

"ನೀನು ಊಟ ಮಾಡಿದ್ಯಾ."

ಹೊರಗೆ ವರಾಂಡಕ್ಕೆ ಹೋಗಿ ಅತ್ತೆ. ಅವತ್ತಿನಿಂದ, ಅವನು ಬರೆದು ಮುಗಿಸುವವರೆಗೆ ನಾನು ಬಾಯಿ ತೆರೆಯುವುದಿಲ್ಲ. ಅದು ಕಷ್ಟ. ಮೊದಲ ಅಕ್ಷರ ಕಂಡರೆ ನಾಲಿಗೆ ತಾನಾಗೇ ಮುಂದೆ ಓಡುತ್ತದೆ.

ಮನೆಗೆ ಬಂದ ಮೇಲೆ ಗೊತ್ತಾಗಿದ್ದು ಬೇರೆಯೇ. ಕೆಮ್ಮಿದರೆ ಕಫ ಕತ್ತಿನಿಂದ ಬರುತ್ತದೆ. ಅದನ್ನು ಒರೆಸುವುದು, ತೂತಿನ ಸುತ್ತ ಒಣಗಿದ್ದನ್ನು ಒದ್ದೆ ಬ್ಯಾಂಡೇಜ್ ಬಟ್ಟೆಯಿಂದ ತೆಗೆಯುವುದು, ಎಲ್ಲವನ್ನೂ ಅವನ ಹೆಂಡತಿ ಕಲಿತಳು. ತಲೆಗೆ ನೀರು ಹಾಕುವಾಗ ಒಂದು ಹನಿಯೂ ಒಳಗೆ ಹೋಗಬಾರದು. ಬಿಸಿ ಟೀಯನ್ನು ಊದಿ ಆರಿಸಲು ಆಗುವುದಿಲ್ಲ, ಎರಡು ಲೋಟಕ್ಕೆ ಹೊಯ್ದು ಹೊಯ್ದು ಆರಿಸಬೇಕು. ಒಂದು ದಿನ ಅವನು ಅಡುಗೆಮನೆ ಬಾಗಿಲಲ್ಲೇ ಕೂತಿದ್ದ, ಒಲೆ ಮೇಲೆ ಹಾಲು ಉಕ್ಕಿ ತಳ ಹಿಡಿದು ಕರಕಲಾಯಿತು. ಅವನಿಗೆ ಗೊತ್ತೇ ಆಗಲಿಲ್ಲ. ಮೂಗಿನಲ್ಲಿ ಗಾಳಿ ಆಡದಿದ್ದರೆ ವಾಸನೆ ಎಲ್ಲಿಂದ ಬರಬೇಕು? "ಅಣ್ಣ, ನಾನು ಬೈದುಬಿಟ್ಟೆ" ಅಂತ ಅವಳು ಫೋನಿನಲ್ಲಿ ಅತ್ತಳು.

ಆರು ವಾರ ರೇಡಿಯೇಷನ್ ಆಯಿತು. ಅದರ ಬಗ್ಗೆ ಜಾಸ್ತಿ ಬರೆಯಲು ನನಗೆ ಮನಸ್ಸಿಲ್ಲ.

ಆಮೇಲೆ ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಪುಟ್ಟದೊಂದು ವಾಲ್ವ್ ಹಾಕಿದರು. ಬೆರಳಿನಿಂದ ಕತ್ತಿನ ತೂತು ಮುಚ್ಚಿದರೆ ಉಸಿರು ಆ ವಾಲ್ವಿನಿಂದ ಅನ್ನನಾಳಕ್ಕೆ ನುಗ್ಗುತ್ತದೆ. ಅಲ್ಲಿನ ಗೋಡೆ ಅದುರಿ ದನಿಯಾಗುತ್ತದೆ. ಹೊರದೇಶದ ವಾಲ್ವಿಗೆ ಸಾವಿರಾರು ರೂಪಾಯಿ. ಬೆಂಗಳೂರಿನ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿಯ ವಾಲ್ವ್ ಮಾಡಿದ್ದಾರೆ ಅಂತ ಪೇಪರಿನಲ್ಲಿ ಓದಿದ ದಿನ, ಆ ತುಂಡನ್ನು ಕತ್ತರಿಸಿ ಅವನ ಜೇಬಿಗೆ ಹಾಕಿದ್ದೆ. ಮಾತು ಮತ್ತೆ ಬರಬಹುದು ಅಂತ ಅವನು ನಂಬಿದ್ದು ಆವತ್ತೇ.

ವಾಲ್ವ್ ಹಾಕಿಸಿಕೊಂಡು ಬಂದು ಒಂದು ತಿಂಗಳಿಗೆ ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೋದೆವು. ಹಳೇ ಟೀ ಅಂಗಡಿ. ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದ. ಅಂಗಡಿಯವನು ಅವನನ್ನು ನೋಡಿ, ಆಮೇಲೆ ನನ್ನ ಕಡೆ ತಿರುಗಿ, "ಇವರಿಗೆ ಏನು ಕೊಡ್ಲಿ?" ಅಂತ ಕೇಳಿದ. ನನಗೆ ಗೊತ್ತಿತ್ತು. ಸಕ್ಕರೆ ಕಡಿಮೆ, ಸ್ಟ್ರಾಂಗ್. ನಾಲಿಗೆ ತುದಿಯವರೆಗೆ ಬಂತು. ನಾನು ರಸ್ತೆ ಕಡೆ ಮುಖ ಮಾಡಿ ನಿಂತೆ.

ಅವನು ಬಟ್ಟೆಯ ಮೇಲೆ ಬೆರಳಿಟ್ಟ. ಒರಟಾದ, ತಗ್ಗಿದ ದನಿ ಬಂತು.

"ಎರಡು. ಒಂದಕ್ಕೆ ಸಕ್ಕರೆ ಕಡಿಮೆ."